ಐದು ಬಾಕ್ಸ್ ಬಂದ್ರೂ ಒಂದು ಹಾಡು ಬರಲಿಲ್ಲ!

ಅಕ್ಕನ ನಿಶ್ಚಿತಾರ್ಥದ ದಿನ ಊಟ ಮುಗಿದ ಮೇಲೆ ಎಲ್ಲರೂ ನನ್ನ ಹಿಂದೆ ಬಿದ್ದರು. "ಗಿಟಾರ್ ತಗೊಂಡು ಎಂಟು ತಿಂಗಳಾಯ್ತಲ್ಲೋ, ಏನಾದ್ರೂ ನುಡಿಸು." ಕಲಿತಿದ್ದ ಐದೂ ಪೆಂಟಾಟೋನಿಕ್ ಬಾಕ್ಸ್‌ಗಳನ್ನು ಮೇಲಕ್ಕೂ ಕೆಳಕ್ಕೂ ಓಡಿಸಿದೆ. ಅಜ್ಜಿ ತಾಳ್ಮೆಯಿಂದ ಕೇಳಿ, "ಶ್ರುತಿ ಮಾಡ್ಕೊಂಡಿದ್ದು ಆಯ್ತಲ್ಲ ಮರಿ, ಈಗ ಹಾಡು ನುಡಿಸು" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಆಫೀಸ್ ಮುಗಿಸಿ ಬಂದ ಮೇಲೆ ನಮಗೆ ಸಿಗೋದೇ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಕೇಜ್ಡ್ ಪದ್ಧತಿಯ 5 ಆಕಾರ, ತಂತಿಗೆ ಮೂರು ಸ್ವರದ 7 ಆಕಾರ ಅಂತ ಚಾರ್ಟ್ ಹಿಡಿದು ಕೂತರೆ ಬೆರಳು ಓಡುತ್ತೆ, ಕಿವಿ ಮಾತ್ರ ಇದ್ದಲ್ಲೇ ಇರುತ್ತೆ. ನನಗೆ ಆಗಿದ್ದು ಅದೇ.

ಮರುದಿನ ಒಂದೇ ಬಾಕ್ಸ್ ಇಟ್ಟುಕೊಂಡೆ: 5ನೇ ಫ್ರೆಟ್‌ನಿಂದ 8ನೇ ಫ್ರೆಟ್‌ವರೆಗಿನ ಎ ಮೈನರ್ ಪೆಂಟಾಟೋನಿಕ್. ನಾಲ್ಕು ಫ್ರೆಟ್, ನಾಲ್ಕು ಬೆರಳು, ಕೈ ಸರಿಸುವ ಕೆಲಸವೇ ಇಲ್ಲ. ಎ ಸ್ವರವನ್ನು ಷಡ್ಜ ಮಾಡಿಕೊಂಡರೆ ಇದು ನಮ್ಮ ಶುದ್ಧ ಧನ್ಯಾಸಿಯ ಸ್ವರಗಳು. ಅದೇ ಬಾಕ್ಸ್‌ನಲ್ಲಿ ಸಿ ಸ್ವರವನ್ನು ಷಡ್ಜ ಅಂದುಕೊಳ್ಳಿ, ಮೋಹನ ಸಿಗುತ್ತೆ!

ನೀವೇ ನೋಡಿ. ತೆಳ್ಳಗಿನ ತಂತಿ ಮೊದಲನೆಯದು. ಮೂರನೇ ತಂತಿಯ 5, 7. ಎರಡನೇ ತಂತಿಯ 5, 8. ಮೊದಲ ತಂತಿಯ 5, 8. ಸ ರಿ ಗ ಪ ದ ಸ. ಬಾಯಲ್ಲಿ ಹೇಳಿಕೊಂಡೇ ನುಡಿಸಿ. ಈಗ ಎರಡನೇ ತಂತಿಯ 6, ಮೊದಲ ತಂತಿಯ 7 ಸೇರಿಸಿ. ಮ, ನಿ ಬಂತು, ಶಂಕರಾಭರಣದ ಸ್ವರಗಳಾಯ್ತು. ಇಂಗ್ಲಿಷ್ ಪುಸ್ತಕದಲ್ಲಿ ಇದೇ ಸಿ ಮೇಜರ್. ಆ 6ರ ಬದಲು 7 ಒತ್ತಿದರೆ ಕಲ್ಯಾಣಿಯ ಮಧ್ಯಮ. ಸಿ ಶ್ರುತಿ ನಿಮ್ಮ ಕಂಠಕ್ಕೆ ಒಗ್ಗದಿದ್ದರೆ ಇಡೀ ಆಕಾರವನ್ನು ಎರಡು ಫ್ರೆಟ್ ಮುಂದೆ ತಳ್ಳಿ, ಶ್ರುತಿ ಡಿ ಆಗುತ್ತೆ. ಗಮಕ ಬೇರೆ ಪಾಠ, ಅದಕ್ಕೆ ಆಮೇಲೆ ಬರೋಣ.

ಹಾಗಾದ್ರೆ ಮುಂದಿನ ಬಾಕ್ಸ್ ಯಾವಾಗ? ಚಿಕ್ಕಂದಿನಲ್ಲಿ ಅಜ್ಜಿ ಹೇಳಿಕೊಟ್ಟ ಮೋಹನದ ಗೀತೆಯನ್ನು ತಡಕಾಡಿ ನುಡಿಸುತ್ತಿದ್ದೆ. ಮೇಲಿನ ರಿಷಭ ಬಂತು, ಬಾಕ್ಸ್ ಸಾಲಲಿಲ್ಲ. ಮೊದಲ ತಂತಿಯ 10ನೇ ಫ್ರೆಟ್‌ಗೆ ಬೆರಳು ಜಾರಿಸಿದೆ. ಅದೇ ಎರಡನೇ ಬಾಕ್ಸ್! ಎಂಟು ತಿಂಗಳು ಉರು ಹೊಡೆದಿದ್ದೆ. ಅದು ಯಾಕೆ ಬೇಕು ಅನ್ನೋದು ಅವತ್ತು ಗೊತ್ತಾಯ್ತು. ಅಲ್ಲಿಂದ ನನ್ನ ಲೆಕ್ಕ ಸುಲಭ: ಹಾಡು ಕೇಳಿದಾಗ ಹೊಸ ಬಾಕ್ಸ್, ಅಲ್ಲಿವರೆಗೆ ಇದ್ದದ್ದರಲ್ಲೇ ಸಂಸಾರ.

ನಿಮ್ಮ ಗಿಟಾರೂ ಬೀರು ಮೇಲೆ ಧೂಳು ತಿನ್ನುತ್ತಿದ್ದರೆ ಇವತ್ತು ಕೆಳಗಿಳಿಸಿ. ಮೊದಲು ಯಾವ ಹಾಡು ಬೇಕು ಅಂತ ನಿರ್ಧರಿಸಿ, ಆಕಾರ ಆಮೇಲೆ.

ಅಕ್ಕನ ಮದುವೆಯ ಹಿಂದಿನ ದಿನ ಅಜ್ಜಿ ಮುಂದೆ ಕೂತು ಆ ಗೀತೆ ನುಡಿಸಿದೆ. ಈ ಸಲ ಅವರು ಶ್ರುತಿಯ ಮಾತೆತ್ತಲಿಲ್ಲ. ಜೊತೆಯಲ್ಲೇ ಹಾಡಿದರು, ಎರಡು ಕಡೆ ತಿದ್ದಿದರು. ಆಮೇಲೆ, "ಇನ್ನೊಂದ್ಸಲ ನುಡಿಸು" ಅಂದರು.