ಜಾಲತಾಣದ ನಿಯಮ: ಅಧಿಕಾರ ಯಾರಿಗೆ, ಎಷ್ಟು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ಹರಪನಹಳ್ಳಿಯಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, ಬಳಿಕ ಹೊಸ ಜಿಲ್ಲೆಯ ಭಾಗವಾಯಿತು. ಜಿಲ್ಲೆ ಬದಲಾದಾಗ ವರ್ತಕರ ಬಿಲ್ಲು, ಲೆಟರ್‌ಹೆಡ್‌ಗಳ ಜೊತೆಗೆ ಜಾಲತಾಣದ ಪುಟಗಳನ್ನೂ ತಿದ್ದಬೇಕಾಗುತ್ತದೆ. ಹಳೆಯ ಪುಟದ ವಿಳಾಸಕ್ಕೆ ಬಂದ ಗ್ರಾಹಕನನ್ನು ಹೊಸ ಪುಟಕ್ಕೆ ಕಳುಹಿಸುವ ಅಧಿಕಾರ ವರ್ತಕನಿಗಿದೆಯೇ ಎಂಬ ಪ್ರಶ್ನೆ ಇಲ್ಲಿಯೇ ಉದ್ಭವಿಸುತ್ತದೆ.

ಅಪಾಚೆ ಸರ್ವರಿನಲ್ಲಿ ಇದನ್ನು ನಿರ್ಧರಿಸುವುದು 'ಅಲೋ ಓವರ್‌ರೈಡ್' ಎಂಬ ನಿಯಮ. ಒಂದು ಫೋಲ್ಡರಿನಲ್ಲಿ 'ಡಾಟ್ ಎಚ್‌ಟಿ ಆಕ್ಸೆಸ್' ಕಡತವನ್ನಿಟ್ಟು ಬಳಕೆದಾರನು ಯಾವ ಯಾವ ನಿಯಮಗಳನ್ನು ಬದಲಿಸಬಹುದೆಂಬುದನ್ನು ಸರ್ವರಿನ ಮುಖ್ಯ ಕಡತದಲ್ಲಿ ಅದು ಗೊತ್ತುಪಡಿಸುತ್ತದೆ. ಪಾಸ್‌ವರ್ಡ್ ರಕ್ಷಣೆಗೆ 'ಆಥ್ ಕಾನ್ಫಿಗ್', ವಿಳಾಸ ಬದಲಾವಣೆಗೆ 'ಫೈಲ್ ಇನ್ಫೋ' ಅನುಮತಿ ಬೇಕು. 'ಆಲ್' ಎಂದರೆ ಎಲ್ಲಕ್ಕೂ ಅನುಮತಿ. 'ನನ್' ಎಂದರೆ ಯಾವುದಕ್ಕೂ ಇಲ್ಲ.

ಎರಡೂ ಅತಿರೇಕಗಳಲ್ಲಿ ಅಪಾಯವಿದೆ. 'ಆಲ್' ಇದ್ದಲ್ಲಿ, ಫೋಲ್ಡರಿಗೆ ಕಡತ ಸೇರಿಸಬಲ್ಲ ಕಳ್ಳನೂ ನಿಯಮ ಬರೆಯಬಲ್ಲನು. ಅಲ್ಲದೆ ಪ್ರತಿ ಕೋರಿಕೆಗೂ ಸರ್ವರು ದಾರಿಯ ಫೋಲ್ಡರುಗಳಲ್ಲೆಲ್ಲ ಆ ಕಡತವನ್ನು ಹುಡುಕಬೇಕಾಗಿ, ವೇಗ ಕುಗ್ಗುತ್ತದೆ. 'ನನ್' ಇದ್ದಲ್ಲಿ, ವರ್ತಕನು ಬರೆದಿಟ್ಟ ರಕ್ಷಣೆ ಸದ್ದಿಲ್ಲದೆ ನಿಷ್ಫಲವಾಗುತ್ತದೆ. ಅಪ್‌ಲೋಡಾದ ಕಡತಗಳು ಚಾಲನೆಗೊಳ್ಳದಂತೆ ತಡೆಯಲು 'ಜೆಕ್ವೆರಿ ಫೈಲ್ ಅಪ್‌ಲೋಡ್' ತಂತ್ರಾಂಶವು ಈ ಕಡತವನ್ನೇ ನಂಬಿತ್ತು. ಅಪಾಚೆ 2.3.9ರಿಂದ 'ನನ್' ಎಂಬುದೇ ಮೂಲ ಸ್ಥಿತಿಯಾಗಿ ಆ ತಡೆ ಬಿದ್ದುಹೋಯಿತು; ಲೋಪ ಬಹಿರಂಗವಾದದ್ದು 2018ರಲ್ಲಿ.

ಆದ್ದರಿಂದ ಮಧ್ಯಮ ಮಾರ್ಗವೇ ಲೇಸು. ಸ್ವಂತ ಸರ್ವರ್ ಉಳ್ಳವರು ನಿಯಮಗಳನ್ನೆಲ್ಲ ಮುಖ್ಯ ಕಡತದಲ್ಲಿಯೇ ಬರೆದು 'ನನ್' ಇಡುವುದು ಯುಕ್ತ. ಹಲವರೊಡನೆ ಹಂಚಿಕೊಂಡ ಸರ್ವರಿನಲ್ಲಿ ಮುಖ್ಯ ಕಡತ ವರ್ತಕನ ಕೈಗೆ ಸಿಗದು; ಅಲ್ಲಿ ಅಗತ್ಯವಾದ ಒಂದೆರಡು ಅನುಮತಿಗಳನ್ನಷ್ಟೇ ಕೇಳಿ ಪಡೆಯಬೇಕು. ಪ್ರಯೋಗದ ಫೋಲ್ಡರೊಂದರ ಆ ಕಡತದಲ್ಲಿ ಅರ್ಥವಿಲ್ಲದ ಸಾಲೊಂದನ್ನು ಬರೆದು ನೋಡಬಹುದು: ಸಾಮಾನ್ಯವಾಗಿ 500ರ ದೋಷ ಬಂದರೆ ಕಡತ ಓದಲ್ಪಡುತ್ತಿದೆ, ಪುಟ ಎಂದಿನಂತೆ ತೆರೆದರೆ ಓದಲ್ಪಡುತ್ತಿಲ್ಲ.

ಗೋದಾಮು ಬಾಡಿಗೆಗೆ ಹಿಡಿಯುವಾಗ ಕೀಲಿ ಯಾರಲ್ಲಿರುವುದೆಂದು ವಿಚಾರಿಸದ ವರ್ತಕನಿಲ್ಲ. ಜಾಲತಾಣದ ಕರಾರಿನಲ್ಲಿಯೂ ಈ ಅನುಮತಿಗಳು ಲಿಖಿತವಾಗಿರಲೆಂದು ವರ್ತಕ ಬಾಂಧವರು ಒತ್ತಾಯಿಸುವುದು ಒಳಿತು.