ಒಂದೇ ಮನೆ, ಎರಡು ಸ್ವಭಾವ

ಒಂದೇ ತಾಯಿಯ ಮಡಿಲಲ್ಲಿ ಬೆಳೆದ ಇಬ್ಬರು ಮಕ್ಕಳಲ್ಲಿ ಒಬ್ಬನು ತಂದೆ ಹುಬ್ಬು ಗಂಟಿಕ್ಕಿದ ಮಾತ್ರಕ್ಕೆ ಕಣ್ಣೀರು ತುಂಬಿಕೊಳ್ಳುತ್ತಾನೆ. ಮತ್ತೊಬ್ಬನು ಗದರಿಕೆಯನ್ನು ಕೇಳಿಯೂ ಕೇಳದವನಂತೆ ಓಡುತ್ತಾನೆ. ಮೊದಲನೆಯವನು ಸಾಧು, ಎರಡನೆಯವನು ಪುಂಡ ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಅವಸರದ್ದು. ಅಂಜಿಕೆಯು ಸದ್ಗುಣವಲ್ಲ, ಅಂಜದಿರುವುದು ದುರ್ಗುಣವೂ ಅಲ್ಲ. ಇವೆರಡೂ ಬಹುಮಟ್ಟಿಗೆ ಹುಟ್ಟಿನಿಂದ ಬಂದ ಸ್ವಭಾವದ ಬಗೆಗಳು.

ನ್ಯೂಯಾರ್ಕಿನ ಮನೋವೈದ್ಯ ದಂಪತಿಗಳಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ಆರಂಭಿಸಿದ ದೀರ್ಘಕಾಲದ ಅಧ್ಯಯನದಲ್ಲಿ ಸುಮಾರು ಶೇಕಡಾ 40ರಷ್ಟು ಮಕ್ಕಳು ಸುಲಭ ಸ್ವಭಾವದವರಾಗಿಯೂ, ಶೇಕಡಾ 10ರಷ್ಟು ಕಠಿಣ ಸ್ವಭಾವದವರಾಗಿಯೂ, ಶೇಕಡಾ 15ರಷ್ಟು ಹೊಸತಕ್ಕೆ ನಿಧಾನವಾಗಿ ಒಗ್ಗುವವರಾಗಿಯೂ ಕಂಡುಬಂದರು. ಉಳಿದವರದು ಮಿಶ್ರ ಸ್ವಭಾವ. ಮಗುವಿನ ಭವಿಷ್ಯವನ್ನು ಸ್ವಭಾವವೊಂದೇ ನಿರ್ಧರಿಸುವುದಿಲ್ಲ, ಆ ಸ್ವಭಾವಕ್ಕೂ ಪಾಲನೆಗೂ ಇರುವ ಹೊಂದಾಣಿಕೆ ಮುಖ್ಯವೆಂಬುದು ಅವರ ನಿರ್ಣಯ.

ನೀತಿಪ್ರಜ್ಞೆಯ ವಿಷಯದಲ್ಲಿ ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸಿದವರು ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದ ಗ್ರಜೀನಾ ಕೊಹಾನ್ಸ್ಕ. ಹಿರಿಯರ ಕಣ್ಣಿಲ್ಲದಾಗಲೂ ಮಗು ನಿಯಮವನ್ನು ಪಾಲಿಸುವುದೇ ಎಂಬುದನ್ನು ಅವರು ಪರೀಕ್ಷಿಸಿದರು. 1997ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಅಂಜುವ ಮಕ್ಕಳಲ್ಲಿ ಮೃದುವಾದ ಶಿಸ್ತು ಅಂತಃಸಾಕ್ಷಿಯನ್ನು ಬೆಳೆಸುತ್ತದೆ. ಅಂಜದ ಮಕ್ಕಳಲ್ಲಿ ಆ ಕೆಲಸವನ್ನು ಮಾಡುವುದು ತಾಯಿಯೊಡನೆ ಇರುವ ಭದ್ರವಾದ, ಪರಸ್ಪರ ಸ್ಪಂದಿಸುವ ಬಾಂಧವ್ಯ.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅಂಜುವ ಮಗುವಿಗೆ ಒಂದು ಮೆಲುಮಾತೇ ಸಾಕಷ್ಟು ಕಳವಳವನ್ನುಂಟುಮಾಡುತ್ತದೆ. ಅದರ ಮೇಲೆ ಏಟು ಬಿದ್ದರೆ ಮಗುವಿನ ನೆನಪಿನಲ್ಲಿ ಉಳಿಯುವುದು ಏಟೇ ಹೊರತು ಅದರ ಕಾರಣವಲ್ಲ. ಅಂಜದ ಮಗುವನ್ನಾದರೋ ಭಯವು ತಟ್ಟುವುದೇ ಇಲ್ಲ. ಏಟಿನಿಂದ ಅದು ಕಲಿಯುವುದು ಸಿಕ್ಕಿಬೀಳದಿರುವ ಉಪಾಯವನ್ನು ಮಾತ್ರ. ತಾನು ಪ್ರೀತಿಸುವವರ ಮನಸ್ಸನ್ನು ನೋಯಿಸಬಾರದೆಂಬ ಆಸೆಯೇ ಅದಕ್ಕೆ ಕಡಿವಾಣ.

ಅವಿಭಕ್ತ ಕುಟುಂಬದಲ್ಲಿ ತಂದೆ ಗದರಿಸಿದರೆ ಅಜ್ಜಿ ಮಡಿಲಿಗೆ ಎಳೆದುಕೊಂಡು ತಪ್ಪನ್ನು ತಿಳಿಯಹೇಳುತ್ತಿದ್ದಳು. ಊರು ಬಿಟ್ಟು ಬಂದು ಮುಂಬಯಿ, ಪುಣೆಗಳ ಎರಡು ಕೋಣೆಗಳ ಮನೆಯಲ್ಲಿ ನೆಲೆಸಿದ ಸಂಸಾರದಲ್ಲಿ ಆ ಎರಡು ಪಾತ್ರಗಳನ್ನೂ ದಣಿದು ಮನೆಗೆ ಬಂದ ತಂದೆತಾಯಿಯರೇ ವಹಿಸಬೇಕಾಗಿದೆ. ಪಕ್ಕದ ಮನೆಯವರು ಏನೆಂದುಕೊಳ್ಳುವರೋ ಎಂಬ ಸಂಕೋಚದಿಂದ ಬೀಳುವ ಏಟುಗಳೂ ಕಡಮೆಯಲ್ಲ. ಅಂಥ ಏಟು ಹಿರಿಯರ ಮಾನವನ್ನು ಕಾಯಬಹುದು, ಮಗುವಿನ ನೀತಿಯನ್ನು ಕಾಯಲಾರದು.

ಹಾಗೆಂದು ನಿಯಮಗಳೇ ಬೇಡವೆಂದಲ್ಲ. ತಮ್ಮನನ್ನು ಹೊಡೆಯಬಾರದು, ಸುಳ್ಳು ಹೇಳಬಾರದು ಎಂಬ ಕಟ್ಟಳೆ ಇಬ್ಬರಿಗೂ ಒಂದೇ. ಅದನ್ನು ಮನಗಾಣಿಸುವ ದಾರಿ ಮಾತ್ರ ಬೇರೆ. ಒಬ್ಬನಿಗೆ ಮೆಲುದನಿಯಲ್ಲಿ ಕಾರಣವನ್ನು ಹೇಳಬೇಕು. ಇನ್ನೊಬ್ಬನೊಡನೆ ತಪ್ಪಿಲ್ಲದ ಹೊತ್ತಿನಲ್ಲಿಯೂ ಕುಳಿತು ಆಡಬೇಕು. ನಿತ್ಯವೂ ಅರ್ಧಗಂಟೆಯನ್ನು ಇದಕ್ಕೆಂದು ಮೀಸಲಿಡುವುದು ಯಾವ ಸಂಸಾರಕ್ಕೂ ಭಾರವಾಗದು. 'ಅಣ್ಣನನ್ನು ನೋಡಿ ಕಲಿ' ಎಂಬ ಮಾತನ್ನಂತೂ ಮನೆಯಿಂದ ಹೊರಗಿಡುವುದೇ ಲೇಸು.