ಕೆಂಪಗಿರುವುದೆಲ್ಲ ರಕ್ತವಲ್ಲ

ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದಿಕೊಂಡು, ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಬೆಳಗಿನ ಜಾವವನ್ನು ಕಾಣುವ ಕಲಾವಿಭಾಗದ ಒಬ್ಬ ಸಾಮಾನ್ಯ ವಿದ್ಯಾರ್ಥಿನಿ. ಇಂಥವಳು ಸೊಪ್ಪಿನ ವಿಷಯ ಬರೆಯಹೊರಟಿರುವುದನ್ನು ಕಂಡು ಗೆಳತಿಯರು ನಕ್ಕಾರು. ನಗಲಿ. ಒಂದು ತಟ್ಟೆ ಸೊಪ್ಪು ನನಗೆ ಕಲಿಸಿದ ಪಾಠವನ್ನು ಅವರ ಮುಂದೆಯೂ ಇಡಬೇಕೆಂಬುದೇ ನನ್ನ ಉದ್ದೇಶ.

ಈಚೆಗೆ ಪಟ್ಟಣಗಳಲ್ಲಿ ‘ಮೈಕ್ರೋಗ್ರೀನ್ಸ್’ ಎಂಬ ಮಾತು ಬಹಳವಾಗಿ ಕೇಳಿಬರುತ್ತಿದೆ. ಹೆಸರು ದೊಡ್ಡದು, ವಸ್ತು ಚಿಕ್ಕದು. ಬೀಜ ಮೊಳೆತು ಮೊದಲ ಎರಡು ಎಲೆ ಬಿಚ್ಚಿಕೊಂಡೊಡನೆ ಬುಡದ ಮೇಲೆ ಕತ್ತರಿಸಿ, ಹಸಿಯಾಗಿಯೇ ತಿನ್ನುವ ಎಳೆಸೊಪ್ಪು ಅದು. ಹೆಸರುಕಾಳಿನ ಮೊಳಕೆಯನ್ನಾದರೆ ಬೇರುಸಹಿತ ತಿನ್ನುತ್ತೇವೆ. ಇದರಲ್ಲಿ ಬೇರು ಕೆಳಗೇ ಉಳಿಯುತ್ತದೆ. ಮದುವೆಮನೆಯಲ್ಲಿ ಅಂಕುರಾರ್ಪಣೆಗೆಂದು ಪಾಲಿಕೆಗಳಲ್ಲಿ ನವಧಾನ್ಯ ಚೆಲ್ಲಿ ಮೊಳಕೆ ಬರಿಸುವ ನಮ್ಮ ಜನಕ್ಕೆ ಈ ವಿದ್ಯೆ ಹೊಸದೇನೂ ಅಲ್ಲ. ದೇವರ ಮುಂದೆ ಬೆಳೆಸುತ್ತಿದ್ದುದನ್ನು ಊಟದ ಎಲೆಗೆ ಬೆಳೆಸುವುದಷ್ಟೇ ಹೊಸತು.

ನಾನು ಬೀಟ್‌ರೂಟನ್ನೇ ಆರಿಸಿಕೊಂಡುದಕ್ಕೆ ಕಾರಣವಿತ್ತು. ಹೋದ ವರ್ಷ ನಮ್ಮ ಅಮ್ಮ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಂತಾದಳು. ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.5 ಗ್ರಾಂ ಎಂದು ಬಂತು. ಹೆಂಗಸರಿಗೆ ಅದು 12 ಆದರೂ ಇರಬೇಕು. ಆರೋಗ್ಯ ಕೇಂದ್ರದಲ್ಲಿ ಕಬ್ಬಿಣಾಂಶದ ಮಾತ್ರೆ ಕೊಟ್ಟರು. ನೆರೆಮನೆಯವರು ಮಾತ್ರೆಗಿಂತ ದೊಡ್ಡ ಮದ್ದನ್ನು ಹೇಳಿಕೊಟ್ಟರು: “ಬೀಟ್‌ರೂಟು ತಿನ್ನಿಸು, ರಕ್ತ ತಾನಾಗಿ ಊರುತ್ತೆ.” ಗಡ್ಡೆಗಿಂತ ಅದರ ಎಳೆಸೊಪ್ಪು ಇನ್ನೂ ಮೇಲೆಂದು ಎಲ್ಲಿಯೋ ಓದಿದ್ದ ನಾನು ಕೂಡಲೇ ಕೆಲಸಕ್ಕೆ ತೊಡಗಿದೆ.

ನಮ್ಮದು ಬಾಡಿಗೆ ಮನೆ, ಗೇಣು ಭೂಮಿಯೂ ಇಲ್ಲ. ಆದರೂ ಕಷ್ಟವಾಗಲಿಲ್ಲ. ಸಿಹಿತಿಂಡಿಯ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತೂತು ಕೊರೆದು, ಎರಡು ಬೆರಳು ದಪ್ಪ ತೆಂಗಿನ ನಾರಿನ ಪುಡಿ ತುಂಬಿದೆ. ಬೀಜವನ್ನು ರಾತ್ರಿಯಿಡೀ ನೆನೆಹಾಕಿ, ಒತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಪುಡಿ ಉದುರಿಸಿ, ನಾಲ್ಕು ದಿನ ತಟ್ಟೆ ಮುಚ್ಚಿ ಕತ್ತಲೆಯಲ್ಲಿಟ್ಟೆ. ಬೀಜ ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಹೊಲಕ್ಕೆಂದು ಮಾರುವ ಬೀಜಕ್ಕೆ ಬೂಷ್ಟು ಬಾರದಿರಲೆಂದು ಔಷಧ ಹಚ್ಚಿರುವುದುಂಟು. ಅದು ಈ ಕೆಲಸಕ್ಕೆ ಸಲ್ಲದು. ಇನ್ನೊಂದು ವಿಸ್ಮಯವನ್ನು ಹೇಳಬೇಕು. ನಾವು ಬೀಟ್‌ರೂಟಿನ ಬೀಜವೆನ್ನುವುದು ವಾಸ್ತವವಾಗಿ ಒಣಗಿದ ಕಾಯಿಗಳ ಒಂದು ಪುಟ್ಟ ಗೊಂಚಲು. ಒಂದನ್ನು ಬಿತ್ತಿದರೆ ಎರಡು ಮೂರು ಸಸಿಗಳು ಏಳುತ್ತವೆ. ಕಿಟಕಿಯ ಬೆಳಕಿಗಿಟ್ಟ ಮೇಲೆ ಕುಂಕುಮದಂಥ ದಂಟು, ಹಸಿರು ಎಲೆ. ಎರಡು ವಾರಕ್ಕೆಲ್ಲ ಎರಡು ಅಂಗುಲ ಎತ್ತರ! ಅಮ್ಮ ದಿನಕ್ಕೆ ಹತ್ತು ಸಲ ನೋಡಿ ಬರುತ್ತಿದ್ದಳು.

ಹೆಸರುಬೇಳೆಯ ಕೋಸಂಬರಿಗೆ ಅದನ್ನು ಬೆರೆಸಿ ನಿಂಬೆಹಣ್ಣು ಹಿಂಡಿದರೆ ರುಚಿಯೇ ಬೇರೆ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಅದರಲ್ಲಿದೆ. ಇದು ಬರಿಯ ಕಲ್ಪನೆಯಲ್ಲ. ಮಳೆಯ ಮಣ್ಣಿಗೂ ಬೀಟ್‌ರೂಟಿಗೂ ಆ ವಾಸನೆ ಕೊಡುವುದು ಜಿಯೋಸ್ಮಿನ್ ಎಂಬ ಒಂದೇ ವಸ್ತು. ಎರಡು ತಿಂಗಳು ತಪ್ಪದೆ ಬೆಳೆದೆ, ತಪ್ಪದೆ ಬಡಿಸಿದೆ. ಮತ್ತೆ ಪರೀಕ್ಷೆ ಮಾಡಿಸಿದಾಗ ರಕ್ತ ಏರುವುದಿರಲಿ, 8ಕ್ಕೆ ಇಳಿದಿತ್ತು.

ವೈದ್ಯೆ ಕೇಳಿದ ಮೊದಲ ಪ್ರಶ್ನೆ, “ಮಾತ್ರೆ ತಗೊಳ್ತಿದ್ದೀರಾ?” ಅಮ್ಮ ನನ್ನ ಮುಖ ನೋಡಿದಳು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಅದನ್ನು ಎಂದೋ ಬಿಟ್ಟಿದ್ದಳಂತೆ. “ಅಷ್ಟು ಕೆಂಪಗಿರೋ ಸೊಪ್ಪು ಮಗಳು ಬೆಳೆದು ಕೊಡ್ತಿದ್ದಾಳಲ್ಲ, ಸಾಕು ಅಂದ್ಕೊಂಡೆ ಡಾಕ್ಟ್ರಮ್ಮ” ಎಂದಳು. ನಾನು ತಲೆ ತಗ್ಗಿಸಿದೆ.

ವೈದ್ಯೆ ಗದರಲಿಲ್ಲ, ವಿವರಿಸಿದರು. ರಕ್ತದ ಕೆಂಪು ಕಬ್ಬಿಣವಿರುವ ಹಿಮೋಗ್ಲೋಬಿನ್ನಿನದು. ಬೀಟ್‌ರೂಟಿನ ಕೆಂಪು ಬೀಟಲೈನ್ ಎಂಬ ಬಣ್ಣದ್ದು. ಆ ಬಣ್ಣದಲ್ಲಿ ಕಬ್ಬಿಣವಿಲ್ಲ. ಸೊಪ್ಪಿನಲ್ಲಿ ಸ್ವಲ್ಪ ಕಬ್ಬಿಣವಿರುವುದು ನಿಜ; ಆದರೆ ಒಂದು ಹಿಡಿ ಎಳೆಸೊಪ್ಪಿನಿಂದ ಇಂಥ ಕೊರತೆ ತುಂಬದು. ಮಾತ್ರೆಯನ್ನು ಬಿಡಬಾರದು, ಊಟದೊಡನೆ ಕಾಫಿ ಟೀ ಬೇಡ, ನಿಂಬೆರಸವಿದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ ಎಂದರು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಬಾಲ್ಯದಿಂದ ಕೇಳಿದ ನನಗೆ ಕೆಂಪಗಿರುವುದೆಲ್ಲ ರಕ್ತವಲ್ಲವೆಂದು ಹೊಳೆಯದೇಹೋಯಿತು! ಮತ್ತೆ ಮೂರು ತಿಂಗಳು ಮಾತ್ರೆ ನಡೆಯಿತು. ಈಗ ಅಮ್ಮನ ಚೀಟಿಯಲ್ಲಿ 10.8 ಇದೆ.

“ಹಾಗಾದರೆ ಸೊಪ್ಪು ಬೆಳೆಯುವುದನ್ನು ಬಿಟ್ಟೆಯಾ?” ಎಂದು ಗೆಳತಿಯೊಬ್ಬಳು ಕೇಳಿದಳು. ಏಕೆ ಬಿಡಬೇಕು? ಸೊಪ್ಪು ನನಗೆ ಮೋಸ ಮಾಡಲಿಲ್ಲ. ಅದು ಸೊಪ್ಪಾಗಿಯೇ ಇತ್ತು. ಅದನ್ನು ಔಷಧವೆಂದು ಕರೆದವಳು ನಾನು. ಭೂಮಿಯಿಲ್ಲದವರೂ ಕಿಟಕಿಯಲ್ಲಿ ಒಂದು ಬೆಳೆ ತೆಗೆಯಬಹುದು, ಸಾದಾ ಊಟಕ್ಕೆ ಒಂದು ಹೊಸ ರುಚಿ ಕೂಡಿಸಬಹುದು ಎಂಬುದೇನು ಸಣ್ಣ ಲಾಭವೇ? ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆಯುಳ್ಳವರು ಮಾತ್ರ, ಇದರಲ್ಲಿ ಆಕ್ಸಲೇಟ್ ಹೆಚ್ಚಾಗಿರುವುದರಿಂದ, ವೈದ್ಯರನ್ನು ಕೇಳಿ ತಿನ್ನುವುದು ಲೇಸು. ನನ್ನ ವಿರೋಧವಿರುವುದು ಸೊಪ್ಪಿಗಲ್ಲ, ಅದರ ತಲೆಯ ಮೇಲೆ ಹೊರಿಸುವ ಮಹಿಮೆಗೆ. ಆ ಮಹಿಮೆಯನ್ನು ನಂಬಿ ಕೆಡುವವರು ತಿಳಿಯದ ಮುದುಕಿಯರಷ್ಟೇ ಅಲ್ಲ, ಪದವಿಗೆ ಓದುತ್ತಿರುವ ನಾವೂ ಹೌದು. ನಾವು ಹೇಳಿದ್ದನ್ನು ನಮ್ಮ ತಾಯಂದಿರು ನಂಬುತ್ತಾರೆ. ಆದ್ದರಿಂದಲೇ ನಮ್ಮ ಹೊಣೆ ಹೆಚ್ಚು.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ನಮ್ಮ ತರಗತಿಯ ಬೆಂಚುಗಳಲ್ಲಿ ಕುಳಿತವರೂ ಆ ವಯಸ್ಸಿನವರೇ. ಸೋದರಿಯರೇ, ಕಿಟಕಿಯಲ್ಲೊಂದು ಡಬ್ಬಿ ಅವಶ್ಯವಾಗಿ ಇಡಿ. ಆದರೆ ಅದಕ್ಕೆ ಮೊದಲು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ, ಅಮ್ಮನಿಗೂ ಮಾಡಿಸಿ. ನಮ್ಮ ಮನೆಯಲ್ಲಿ ಈಗ ಸೊಪ್ಪಿನ ಡಬ್ಬಿಯ ಪಕ್ಕದಲ್ಲೇ ಮಾತ್ರೆಯ ಚೀಟಿ ಇದೆ. ನೀರು ಹಾಕಲು ಹೋದವರ ಕಣ್ಣಿಗೆ ಎರಡೂ ಬೀಳುತ್ತವೆ.